‘ಮಾನಾ ಕಳದಾನ್ರೀ’ ಅಂದರೆ ಇಂಗ್ಲಿಷಿನಲ್ಲಿ ಏನು?

ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗುವ ಕನ್ನಡ ಕಾಗದಪತ್ರಗಳನ್ನು ಇಂಗ್ಲಿಷಿಗೆ ತರ್ಜುಮೆ ಮಾಡುವುದು ನನ್ನ ಕೆಲಸ. ಹಾವೇರಿಯಿಂದ ಬರಲಿ, ಗದಗಿನಿಂದ ಬರಲಿ, ಫಿರ್ಯಾದಿನಲ್ಲಿ ಒಂದು ಮಾತು ಮತ್ತೆ ಮತ್ತೆ ಸಿಗುತ್ತದೆ: ‘ಅಂವ ಮಂದ್ಯಾಗ ನನ್ನ ಮಾನಾ ಕಳದಾನ್ರೀ.’

ಮೊದಮೊದಲು ಇದಕ್ಕೆ ವಿಚಾರ ಮಾಡದೆ ‘ಡಿಫೇಮ್’ ಎಂದು ಬರೆಯುತ್ತಿದ್ದೆ. ಹೋದ ವರ್ಷ ಹಿರಿಯ ವಕೀಲರೊಬ್ಬರು ಕರೆದು, ‘ಮುಂದಿನ ಸಾಲು ಓದ್ರಿ ಸರ. ಆಂವ ಬರೇ ಬೈದಾನ. ನೀವು 356 ಹಚ್ಚಿಬಿಟ್ಟೀರಿ’ ಎಂದರು. ಅವರು ಹೇಳಿದ್ದು ಖರೆ ಇತ್ತು. ಡಿಫೇಮ್ ಎಂಬುದಕ್ಕೆ ಕೋರ್ಟಿನಲ್ಲಿ ಗಟ್ಟಿಯಾದ ಅರ್ಥವಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು, ಅಂದರೆ ಹಳೆಯ ದಂಡ ಸಂಹಿತೆಯ 499 ಮತ್ತು 500, ಕೇಳುವುದು ಇಷ್ಟು: ಒಬ್ಬರ ಮೇಲೆ ಆರೋಪ ಹೊರಿಸಿದ್ದು, ಅದು ಬೇರೆಯವರ ಕಿವಿಗೋ ಕಣ್ಣಿಗೋ ಬಿದ್ದದ್ದು, ಅದರಿಂದ ಹೆಸರು ಕೆಡಲಿ ಎಂಬ ಉದ್ದೇಶ, ಇಲ್ಲವೆ ಕೆಡುತ್ತದೆಂಬ ಅರಿವು ಅಥವಾ ಹಾಗೆ ನಂಬಲು ಕಾರಣ ಆಡಿದವನಿಗೆ ಇದ್ದದ್ದು. ಸಂತೆಯಲ್ಲಿ ಬೈದು ಜಗಳಕ್ಕೆ ಕೆಣಕಿದರೆ ಅದು 352ನೇ ಕಲಮಿನ ಅವಮಾನವಾಗಬಹುದು. ನಮ್ಮ ‘ಮಾನಾ ಕಳಿಯೂದು’ ಎರಡಕ್ಕೂ ಸಲ್ಲುತ್ತದೆ. ಇಂಗ್ಲಿಷಿನ ಆ ಒಂದು ಪದ ಸಲ್ಲುವುದಿಲ್ಲ.

ಅಲ್ಲಿಂದ ನಾನು ‘ಬೆಸ್ಮರ್ಚ್’ ಕಡೆ ಹೊರಳಿದೆ. ಇದು ಮೂಲದಲ್ಲಿ ಮಸಿ, ಕೆಸರು ಮೆತ್ತುವ ಕ್ರಿಯಾಪದ. 1599ರ ಸುಮಾರಿಗೆ ಬರೆದ ‘ಐದನೆಯ ಹೆನ್ರಿ’ ನಾಟಕದಲ್ಲಿ ಷೇಕ್ಸ್‌ಪಿಯರ್ ಇದನ್ನು ಬಳಸಿದ್ದು ಮಳೆಯಲ್ಲಿ ನಡೆದು ಬಂದ ಸೈನಿಕರ ಕೆಸರಾದ ಠೀವಿಗೆ. ನವಲಗುಂದದ ಕಪ್ಪು ಮಣ್ಣಿನ ಎರಿ ಹೊಲದಲ್ಲಿ ಮಳೆ ಬಿದ್ದ ಮರುದಿನ ಬಿಳಿ ಧೋತರ ಉಟ್ಟು ನಡೆದವರಿಗೆ ಈ ಪದ ಬಿಡಿಸಿ ಹೇಳಬೇಕಿಲ್ಲ. ಕಲೆ ಹೊರಗಿನಿಂದ ಹತ್ತಿದ್ದು, ಅರಿವೆ ಹಾಳಾಗಿಲ್ಲ. ಇಂದು ಇದರ ಮುಂದೆ ಹೆಚ್ಚಾಗಿ ಬರುವುದು ಮನುಷ್ಯನಲ್ಲ, ಅವನ ಹೆಸರು, ಗೌರವ, ಮನೆತನ. ‘ಅವನನ್ನು ಬೆಸ್ಮರ್ಚ್ ಮಾಡಿದರು’ ಎನ್ನುವುದಕ್ಕಿಂತ ‘ಅವನ ಹೆಸರನ್ನು’ ಎಂದರೆ ಇಂಗ್ಲಿಷ್ ಕಿವಿಗೆ ಒಗ್ಗುತ್ತದೆ.

‘ಟಾರ್ನಿಶ್’ ಹಾಗಲ್ಲ. ಎದೆಯ ಮೇಲಿನ, ಲಿಂಗ ಇಡುವ ಬೆಳ್ಳಿ ಕರಡಿಗೆ ದಿನ ಕಳೆದಂತೆ ಕಪ್ಪಾಗುತ್ತದೆ. ಯಾರೂ ಮಸಿ ಬಳಿದಿಲ್ಲ, ಗಾಳಿಯ, ಬೆವರಿನ ಗಂಧಕವೇ ಸಾಕು. ಆದ್ದರಿಂದ ತನ್ನದೇ ಸಾಲ, ಕುಡಿತದಿಂದ ಒಬ್ಬನ ಹೆಸರು ಮಂಕಾದರೆ ಅಲ್ಲಿ ಟಾರ್ನಿಶ್ ಹೊಂದುತ್ತದೆ. ಬೆಸ್ಮರ್ಚ್ ಹಾಕಿದರೆ ಓದುವವರು ಇಲ್ಲದ ವೈರಿಯನ್ನು ಹುಡುಕುತ್ತಾರೆ. ಇನ್ನು ‘ಮಲೈನ್’ ಎಂಬ ಪದವೂ ಇದೆ; ಅದು ಅನ್ಯಾಯವಾಗಿ ಕೆಟ್ಟದ್ದಾಡುವುದು, ಅಷ್ಟೇ.

ಈಚೆಗೆ ಅಜ್ಜಿಯೊಬ್ಬರ ಜಬಾನಿಯಲ್ಲಿ, ಅಂದರೆ ಹೇಳಿಕೆಯಲ್ಲಿ, ‘ನಮ್ಮ ಮನಿತನಕ್ಕ ಮಸಿ ಹಚ್ಯಾರ್ರಿ’ ಎಂದಿತ್ತು. ಅಲ್ಲಿ ಬೆಸ್ಮರ್ಚ್ ತಾನಾಗಿಯೇ ಬಂದು ಕೂತಿತು. ‘ಮಾನಾ ಕಳದಾನ’ ಬಂದಾಗ ಮಾತ್ರ ಈಗ ‘ಮಂದಿಯ ಮುಂದೆ ನನ್ನ ಮರ್ಯಾದೆ ತೆಗೆದ’ ಎಂಬರ್ಥದ ಸಾದಾ ಇಂಗ್ಲಿಷ್ ಬರೆದು, ಆಡಿದ ಮಾತನ್ನೂ ಕಂಸದಲ್ಲಿ ಹಾಗೇ ಇಡುತ್ತೇನೆ. ಯಾವ ಕಲಮು ಎಂಬುದನ್ನು ಪೀಠ ನೋಡಿಕೊಳ್ಳುತ್ತದೆ.