ರಾಜನೂ ಅಲ್ಲ, ಸಂತನೂ ಅಲ್ಲ, ಆದರೂ ಸ್ಟ್ಯಾಂಪು

ಪ್ರಶ್ನೆ: ಅಜ್ಜನ ಹಳೆಯ ಆಲ್ಬಮ್ಮಿನಲ್ಲಿ ಬೆಲ್ಜಿಯಂನ ಒಂದು ಸ್ಟ್ಯಾಂಪ್ ಸಿಕ್ಕಿತು. ಅದರಲ್ಲಿ ಯಾಕೋಬ್ ವಾನ್ ಆರ್ಟವೆಲ್ಡೆ ಎಂಬ ಹೆಸರಿದೆ. ಯಾರಿವನು? ಇವನಿಗೇಕೆ ಸ್ಟ್ಯಾಂಪು?

ಉತ್ತರ: ಉಣ್ಣೆಯ ದೆಸೆಯಿಂದ!

ತಮಾಷೆಯಲ್ಲ. ಈಗಿನ ಬೆಲ್ಜಿಯಂನ ಉತ್ತರ ಭಾಗ ಫ್ಲಾಂಡರ್ಸ್. ಅಲ್ಲಿನ ಗೆಂಟ್ ಊರಲ್ಲಿ 14ನೇ ಶತಮಾನದಲ್ಲಿ ಬಟ್ಟೆಯೇ ಬದುಕು. ಮಗ್ಗ ಇವರದು, ಉಣ್ಣೆ ಮಾತ್ರ ಇಂಗ್ಲೆಂಡಿನದು. ಫ್ಲಾಂಡರ್ಸಿನ ದೊರೆ ಫ್ರಾನ್ಸ್ ರಾಜನ ಕಡೆ ವಾಲಿದ ಅಂತ 1336ರಲ್ಲಿ ಇಂಗ್ಲೆಂಡಿನ ಮೂರನೇ ಎಡ್ವರ್ಡ್ ಉಣ್ಣೆ ಕಳಿಸೋದನ್ನೇ ನಿಲ್ಲಿಸಿಬಿಟ್ಟ. ಮಗ್ಗ ನಿಂತವು, ಮನೆಗಳಲ್ಲಿ ಒಲೆ ಆರಿತು.

1338ರ ಜನವರಿಯಲ್ಲಿ ಗೆಂಟ್ ಜನ ಆರ್ಟವೆಲ್ಡೆಯನ್ನು ಊರಿನ ನಾಯಕನನ್ನಾಗಿ ಆರಿಸಿದರು. ಅವನು ಹಿಡಿದ ದಾರಿ ಸರಳ: ಇಬ್ಬರು ರಾಜರ ಜಗಳ ನಮಗೆ ಬೇಡ, ನಮಗೆ ವ್ಯಾಪಾರ ಸಾಕು. ಉಣ್ಣೆ ಮತ್ತೆ ಬಂತು.

ಆದರೆ ಎಷ್ಟು ದಿನ ನಡುವೆ ನಿಲ್ಲೋಕಾಗುತ್ತೆ? ಕೊನೆಗೆ ಇಂಗ್ಲೆಂಡಿನ ಕಡೆ ಸೇರಲೇಬೇಕಾಯಿತು. ಆಗ ಒಂದು ತೊಡಕು ಎದುರಾಯಿತು. ಫ್ಲಾಂಡರ್ಸಿನವರು ಫ್ರಾನ್ಸಿನ ರಾಜನಿಗೆ ನಿಷ್ಠರಾಗಿರುತ್ತೇವೆಂದು ಆಣೆ ಮಾಡಿದ್ದರು. ಹಾಗಾದರೆ ಎಡ್ವರ್ಡನೇ ಫ್ರಾನ್ಸಿನ ರಾಜ ಅಂದುಬಿಟ್ಟರೆ? ಆಣೆಯೂ ಉಳಿಯಿತು, ಉಣ್ಣೆಯೂ ಉಳಿಯಿತು! 1340ರ ಜನವರಿ 26ರಂದು ಗೆಂಟ್‌ನ ಶುಕ್ರವಾರದ ಸಂತೆಬಯಲಿನಲ್ಲಿ ಹಾಗೇ ಘೋಷಣೆ ಆಯಿತು. ನನಗಂತೂ ಇಡೀ ಕತೆಯಲ್ಲಿ ಇದೇ ಇಷ್ಟ, ಒಳ್ಳೆ ವ್ಯಾಪಾರಿ ತಲೆ ಅಲ್ವಾ? ಎಡ್ವರ್ಡನ ರಾಣಿ ಫಿಲಿಪಾ ಅದೇ ಊರಲ್ಲಿ ಉಳಿದಳು, ಅಲ್ಲೇ ಹೆತ್ತಳು. ಇಂಗ್ಲೆಂಡಿನ ಚರಿತ್ರೆಯ ಜಾನ್ ಆಫ್ ಗಾಂಟ್ ಆ ಮಗುವೇ. ಗಾಂಟ್ ಅಂದರೆ ಗೆಂಟೇ.

ಮುಂದೆ ಊರಲ್ಲೇ ಒಡಕು. ನೇಯ್ದ ಉಣ್ಣೆ ಬಟ್ಟೆಯನ್ನು ತೊಟ್ಟಿಯಲ್ಲಿ ನೆನೆಸಿ, ಕಾಲಲ್ಲಿ ತುಳಿದು ದಪ್ಪ ಮಾಡುವ ಕೆಲಸದವರು ಕೂಲಿ ಜಾಸ್ತಿ ಕೇಳಿದರು. 1345ರ ಮೇ 2ರಂದು ಅದೇ ಸಂತೆಬಯಲಿನಲ್ಲಿ ಅವರಿಗೂ ನೇಕಾರರಿಗೂ ಹೊಡೆದಾಟವಾಗಿ ಹೆಣ ಬಿದ್ದವು. ಎಡ್ವರ್ಡನ ಮಗನನ್ನೇ ಇಲ್ಲಿ ದೊರೆ ಮಾಡಲು ಹೊರಟಿದ್ದಾನೆ ಅಂತ ಆರ್ಟವೆಲ್ಡೆ ಮೇಲೂ ಗುಸುಗುಸು ಎದ್ದಿತು. ಜುಲೈನಲ್ಲಿ ಊರ ಜನರೇ ಗುಂಪು ಕಟ್ಟಿಕೊಂಡು ಬಂದು ಅವನನ್ನು ಕೊಂದರು. ಮಗ ಫಿಲಿಪ್ ಕೂಡ ಮುಂದೆ ಗೆಂಟ್‌ನ ನಾಯಕನಾಗಿ 1382ರಲ್ಲಿ ಯುದ್ಧದಲ್ಲಿ ಸತ್ತ.

ಹಾಗಾದರೆ ಸ್ಟ್ಯಾಂಪಿನವರೆಗೆ ಬಂದಿದ್ದು ಹೇಗೆ? ಬೆಲ್ಜಿಯಂ ಹುಟ್ಟಿದ್ದೇ 1830ರಲ್ಲಿ. ಹೊಸ ದೇಶಕ್ಕೆ ಹಳೆಯ ವೀರರು ಬೇಕಿತ್ತು. ಹುಡುಕಿದಾಗ ಸಿಕ್ಕವರಲ್ಲಿ ಇವನೂ ಒಬ್ಬ. 1863ರಲ್ಲಿ ಅದೇ ಸಂತೆಬಯಲಿನಲ್ಲಿ ಅವನ ಪ್ರತಿಮೆ ಎದ್ದು ನಿಂತಿತು. ಫ್ರೆಂಚ್ ಮೇಲುಗೈಯಾಗಿದ್ದ ದೇಶದಲ್ಲಿ ಫ್ಲಾಂಡರ್ಸಿನ ನುಡಿಯಾದ ಫ್ಲೆಮಿಶ್ ಮಾತಾಡುವವರಿಗೆ ಅವನು ತಮ್ಮವನಾದ.

ನಿಮ್ಮ ಸ್ಟ್ಯಾಂಪಿನಲ್ಲಿ ದೇಶದ ಹೆಸರು ನೋಡಿ. ಬೆಲ್ಜೀಕ್ ಫ್ರೆಂಚ್, ಬೆಲ್ಜಿಯೆ ಫ್ಲೆಮಿಶ್. ಎರಡೂ ಭಾಷೆಗೆ ಜಾಗ ಸಿಕ್ಕಿದ್ದು 1893ರ ಸ್ಟ್ಯಾಂಪುಗಳಿಂದ. ಅವುಗಳ ಕೆಳಗೆ ಒಂದು ಪುಟ್ಟ ಚೀಟಿಯೂ ಅಂಟಿಕೊಂಡಿರುತ್ತಿತ್ತು: 'ಭಾನುವಾರ ಬಟವಾಡೆ ಮಾಡಬೇಡಿ', ಅದೂ ಎರಡೂ ಭಾಷೆಯಲ್ಲಿ. ಭಾನುವಾರವೇ ಕಾಗದ ತಲುಪಲಿ ಅನ್ನುವವರು ಆ ಚೀಟಿಯನ್ನು ಹರಿದು ತೆಗೆದು, ಸ್ಟ್ಯಾಂಪು ಮಾತ್ರ ಅಂಟಿಸುತ್ತಿದ್ದರು. ಅಜ್ಜನ ಆಲ್ಬಮ್ಮಿನಲ್ಲಿ ಚೀಟಿ ಇರುವ ಅಂಥದ್ದು ಸಿಕ್ಕಿದರೆ ಸುಮ್ನೆ ಕಿತ್ತುಬಿಡಬೇಡಿ.