ಬಿಸಿಯೇರುವ ಲ್ಯಾಪ್‌ಟಾಪ್‌ಗೆ ವ್ಯಾಟ್‌ಗಳ ಕಡಿವಾಣ

ಏಪ್ರಿಲ್ ಬಂತೆಂದರೆ ಮೈಸೂರಿನ ಲ್ಯಾಪ್‌ಟಾಪ್ ರಿಪೇರಿ ಅಂಗಡಿಗಳಲ್ಲಿ ಒಂದೇ ದೂರು ಹಲವು ಬಾಯಿಗಳಲ್ಲಿ ಕೇಳಿಬರುತ್ತದೆ: ಜನವರಿಯಲ್ಲಿ ಚೆನ್ನಾಗಿ ಓಡುತ್ತಿತ್ತು, ಈಗ ಕೆಲಸದ ನಡುವೆ ಮುಗ್ಗರಿಸುತ್ತದೆ. ವೈರಸ್ ಇರಬೇಕೆಂಬುದು ಗಿರಾಕಿಯ ಅನುಮಾನ, ಮೆಮೊರಿ ಹೆಚ್ಚಿಸಿಕೊಳ್ಳಿ ಎಂಬುದು ಅಂಗಡಿಯವರ ಸಲಹೆ. ಬಹಳಷ್ಟು ಸಲ ಎರಡೂ ಕಾರಣವಲ್ಲ. ಕಾರಣ ಕೋಣೆಯ ಗಾಳಿಯಲ್ಲಿದೆ.

ಇಂಟೆಲ್‌ನ ಬಹುಪಾಲು ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು 100 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮುಟ್ಟಿದೊಡನೆ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ. ಇದೇ ಥ್ರಾಟ್ಲಿಂಗ್. ಫ್ಯಾನ್ ಒಂದೇ ವೇಗದಲ್ಲಿ ತಿರುಗುತ್ತಿದ್ದರೆ, ಎಷ್ಟು ಶಾಖ ಹೊರಹೋಗುತ್ತದೆ ಎಂಬುದು ಚಿಪ್‌ಗೂ ಸುತ್ತಲಿನ ಗಾಳಿಗೂ ಇರುವ ಉಷ್ಣಾಂಶದ ಅಂತರವನ್ನು ಅವಲಂಬಿಸಿದೆ. ಜನವರಿಯ ಬೆಳಗ್ಗೆ ಕೋಣೆ 20 ಡಿಗ್ರಿ ಇದ್ದರೆ ಅಂತರ 80. ಏಪ್ರಿಲ್ ಮಧ್ಯಾಹ್ನ ಶೀಟಿನ ಮನೆಯೊಳಗೆ 36 ಇದ್ದರೆ 64. ಅದೇ ಯಂತ್ರ, ಅದೇ ಫ್ಯಾನ್. ಹೊರಹಾಕಬಲ್ಲ ಶಾಖದಲ್ಲಿ ಮಾತ್ರ ಐದನೇ ಒಂದು ಭಾಗ ಖೋತಾ.

ಹಾಗೆಂದು ವೇಗವೂ ಐದನೇ ಒಂದು ಭಾಗ ಕಡಿಮೆಯಾಗಬೇಕಿಲ್ಲ. ಚಿಪ್‌ನೊಳಗಿನ ಪುಟ್ಟ ಸ್ವಿಚ್‌ಗಳಾದ ಟ್ರಾನ್ಸಿಸ್ಟರ್‌ಗಳು ಬಳಸುವ ವಿದ್ಯುತ್ತು ವೋಲ್ಟೇಜಿನ ವರ್ಗವನ್ನು ಆವರ್ತನದಿಂದ, ಅಂದರೆ ಗಿಗಾಹರ್ಟ್ಸ್‌ನಲ್ಲಿ ಅಳೆಯುವ ಚಿಪ್‌ನ ಮಿಡಿತದ ವೇಗದಿಂದ, ಗುಣಿಸಿದಷ್ಟು ಪ್ರಮಾಣದಲ್ಲಿ ಏರಿಳಿಯುತ್ತದೆ. ಆವರ್ತನ ಏರಬೇಕಾದರೆ ವೋಲ್ಟೇಜೂ ಏರಬೇಕು. ಎರಡೂ ಜೊತೆಜೊತೆಗೆ ಶೇ 10ರಷ್ಟು ಇಳಿದರೆ ವಿದ್ಯುತ್ ಶೇ 27ರಷ್ಟು ಇಳಿಯುತ್ತದೆ. ಶೇ 20 ಇಳಿದರೆ ಹೆಚ್ಚುಕಡಿಮೆ ಅರ್ಧಕ್ಕೇ ಬರುತ್ತದೆ. ಸಾಲದೆಂಬಂತೆ, ಚಿಪ್ ಬಿಸಿಯಾದಷ್ಟೂ ಸುಮ್ಮನೆ ಕುಳಿತ ಟ್ರಾನ್ಸಿಸ್ಟರ್‌ಗಳಿಂದಲೂ ವಿದ್ಯುತ್ ಹೆಚ್ಚು ಸೋರುತ್ತದೆ. ವೇಗದ ಕೊನೆಯ ತುಣುಕಿಗೆ ನಾವು ತೆರುವ ಬೆಲೆ ವಿಪರೀತ.

ಹಿಂದೆ ಹೀಗಿರಲಿಲ್ಲ. ಟ್ರಾನ್ಸಿಸ್ಟರ್ ಕಿರಿದಾದಂತೆ ಅದರ ವೋಲ್ಟೇಜನ್ನೂ ಇಳಿಸಬಹುದು, ಹಾಗಾಗಿ ಅಷ್ಟೇ ಜಾಗದಲ್ಲಿ ಹುಟ್ಟುವ ಶಾಖ ಏರುವುದಿಲ್ಲ ಎಂದು ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿದ್ದರು. ಆ ಸುಗ್ಗಿ 2005ರ ಸುಮಾರಿಗೆ ಮುಗಿಯಿತು. 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ತರುವ ಯೋಜನೆಯನ್ನು ಇಂಟೆಲ್ 2004ರಲ್ಲೇ ಕೈಬಿಟ್ಟಿತ್ತು. ಆ ತಳಿ 3.8ಕ್ಕೆ ನಿಂತುಹೋಯಿತು.

ಮಳೆಗಾಲದಲ್ಲಿ ಕೆಆರ್‌ಎಸ್‌ನ ಒಳಹರಿವು, ಹೊರಹರಿವು ನೋಡದೆ ಪತ್ರಿಕೆ ಮಡಚದ ಮಂಡ್ಯದವರಿಗೆ ಮುಂದಿನದನ್ನು ವಿವರಿಸುವುದು ಸುಲಭ. ಪ್ರೊಸೆಸರ್ ಮೇಲಿನ ತಾಮ್ರದ ಕೊಳವೆ ಮತ್ತು ಎಸಳುಗಳು ಜಲಾಶಯವಿದ್ದಂತೆ. ಖಾಲಿ ಇರುವಾಗ ಒಳಹರಿವು ಎಷ್ಟು ಜೋರಾಗಿದ್ದರೂ ತಡೆದುಕೊಳ್ಳುತ್ತದೆ, 124.80 ಅಡಿ ಭರ್ತಿಯಾದ ಮೇಲೆ ಬಂದಷ್ಟನ್ನೂ ಬಿಡಲೇಬೇಕು. ಇಂಟೆಲ್ ಈ ಎರಡು ಸ್ಥಿತಿಗಳಿಗೆ ವಿದ್ಯುತ್ ಬಳಕೆಯ ಎರಡು ಮಿತಿ (ಪವರ್ ಲಿಮಿಟ್, ಚಿಕ್ಕದಾಗಿ ಪಿಎಲ್) ಇಟ್ಟಿದೆ. ಪಿಎಲ್2 ಅಲ್ಪಕಾಲದ್ದು, ಪಿಎಲ್1 ದೀರ್ಘಕಾಲದ್ದು. ಮೊದಲನೆಯದರಿಂದ ಎರಡನೆಯದಕ್ಕೆ ಎಷ್ಟು ಹೊತ್ತಿನಲ್ಲಿ ಇಳಿಯಬೇಕೆಂದು ನಿರ್ಧರಿಸುವ ಕಾಲಮಾನ ಟೌ. ಅದು ಹಲವು ಯಂತ್ರಗಳಲ್ಲಿ 28 ಸೆಕೆಂಡ್. ಕೋರ್ ಐ7-12700ಎಚ್ ಚಿಪ್‌ಗೆ ಇಂಟೆಲ್ ಹೇಳುವ ಮೂಲ ವಿದ್ಯುತ್ 45 ವ್ಯಾಟ್, ಗರಿಷ್ಠ ಟರ್ಬೊ, ಅಂದರೆ ಸ್ವಲ್ಪ ಹೊತ್ತಿನ ಜೋರು ಓಟಕ್ಕೆ, 115 ವ್ಯಾಟ್. ತೆಳು ಲ್ಯಾಪ್‌ಟಾಪ್‌ಗಳ ಐ5-1235ಯು ಚಿಪ್‌ಗೆ 15 ಮತ್ತು 55. ಜಾಹೀರಾತಿನಲ್ಲಿ ಮೆರೆಯುವ ಗಿಗಾಹರ್ಟ್ಸ್ ಈ ದೊಡ್ಡ ಸಂಖ್ಯೆಯ ಕೂಸು. ದಿನವಿಡೀ ನಿಮ್ಮ ಜೊತೆ ದುಡಿಯುವುದು ಚಿಕ್ಕದು. ಎರಡನ್ನೂ ಕೊನೆಗೆ ನಿಗದಿ ಮಾಡುವುದು ಲ್ಯಾಪ್‌ಟಾಪ್ ತಯಾರಕರು, ಅವರೋ ಮೈಸೂರಿನ ಏಪ್ರಿಲ್ ಕಂಡವರಲ್ಲ.

ಮಂಡ್ಯದಲ್ಲಿ ಮದುವೆ ವಿಡಿಯೊ ಸಂಕಲನ ಮಾಡುವ ಸ್ನೇಹಿತರೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಇದನ್ನು ಹತ್ತಿರದಿಂದ ನೋಡಿದೆ. ಥ್ರಾಟಲ್‌ಸ್ಟಾಪ್ ಎಂಬ ಉಚಿತ ತಂತ್ರಾಂಶ ತೆರೆದಿಟ್ಟು ಮುಹೂರ್ತದ ದೃಶ್ಯಗಳ ರೆಂಡರಿಂಗ್ (ಸಂಕಲಿಸಿದ್ದನ್ನು ಅಂತಿಮ ವಿಡಿಯೊ ಮಾಡುವ ಕೆಲಸ) ಶುರು ಮಾಡಿದೆವು. ವಿದ್ಯುತ್ ಒಮ್ಮೆಲೇ 90 ವ್ಯಾಟ್‌ಗೆ ಹಾರಿತು. ಕೆಲವೇ ಸೆಕೆಂಡುಗಳಲ್ಲಿ ಉಷ್ಣಾಂಶ 99. ಕಾರಣ ತೋರಿಸುವ ಕಿಟಕಿಯಲ್ಲಿ ‘ಥರ್ಮಲ್’ ಎಂಬ ಚೌಕ ಕೆಂಪಾಯಿತು. ಅಲ್ಲಿಂದಾಚೆ ಆವರ್ತನ ಒಂದೆಡೆ ನಿಲ್ಲಲಿಲ್ಲ: 3.4 ಗಿಗಾಹರ್ಟ್ಸ್, ಮರುಕ್ಷಣ 2.5, ಮತ್ತೆ 3.3. ಫ್ಯಾನ್ ಚೀರುತ್ತಿತ್ತು. ಹತ್ತು ನಿಮಿಷದ ನಂತರ ಸರಾಸರಿ ನೋಡಿದರೆ ಸುಮಾರು 40 ವ್ಯಾಟ್. ಆ ಕೋಣೆಯಲ್ಲಿ, ಆ ದಿನ, ಆ ಯಂತ್ರ ಹೊರಹಾಕಬಲ್ಲದ್ದು ಅಷ್ಟೇ.

ಪಿಎಲ್1 ಅನ್ನು 32 ವ್ಯಾಟ್‌ಗೆ, ಪಿಎಲ್2 ಅನ್ನು 50ಕ್ಕೆ ಇಳಿಸಿದೆವು. ಉಷ್ಣಾಂಶ 87ರ ಸುತ್ತ ನಿಂತಿತು. ಫ್ಯಾನಿನ ಸದ್ದು ತಗ್ಗಿದ್ದು ಕೇಳಿ, ಅದು ಕೆಟ್ಟಿತೇ ಎಂದು ಸ್ನೇಹಿತರು ಗಾಬರಿಯಿಂದ ಕೈಯಿಟ್ಟು ನೋಡಿದರು. ವಿದ್ಯುತ್ತಿನಲ್ಲಿ ಶೇ 20 ಕಡಿತ, ಗಂಟೆಯೊಂದರ ಕೆಲಸಕ್ಕೆ ಹೆಚ್ಚಾಗಿ ಹಿಡಿದದ್ದು ಎರಡು ಮೂರು ನಿಮಿಷ. ಇದರಲ್ಲಿ ಮಾಯವೇನಿಲ್ಲ. ಒಮ್ಮೆ ಮೇಲೆ, ಒಮ್ಮೆ ಕೆಳಗೆ ಓಡುವಾಗ ಮೇಲಿನ ಓಟ ನುಂಗುವ ಹೆಚ್ಚುವರಿ ವಿದ್ಯುತ್ತನ್ನು ಕೆಳಗಿನದು ಉಳಿಸಿಕೊಡುವುದಿಲ್ಲ. ಒಂದೇ ಹದದಲ್ಲಿ ಓಡಿದರೆ ಅಷ್ಟೇ ವ್ಯಾಟ್‌ಗೆ ಹೆಚ್ಚು ಕೆಲಸವಾಗುತ್ತದೆ.

ವಿಂಡೋಸ್‌ನಲ್ಲಿ ಥ್ರಾಟಲ್‌ಸ್ಟಾಪ್ ಬೇಡವೆಂದರೆ ಇನ್ನೊಂದು ಒರಟು ದಾರಿಯುಂಟು: ಪವರ್ ಆಯ್ಕೆಗಳಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿಯನ್ನು ಶೇ 100ರಿಂದ 99ಕ್ಕೆ ಇಳಿಸಿದರೆ ಅನೇಕ ಯಂತ್ರಗಳಲ್ಲಿ ಟರ್ಬೊ ಪೂರ್ತಿ ನಿಲ್ಲುತ್ತದೆ. ಲಿನಕ್ಸ್‌ನಲ್ಲಿ ಮಿತಿಯನ್ನು ಕಡತವೊಂದಕ್ಕೆ ಮೈಕ್ರೋವ್ಯಾಟ್‌ಗಳಲ್ಲಿ ಬರೆಯಬೇಕು. 25 ವ್ಯಾಟ್ ಎಂದರೆ 2,50,00,000. ಸೊನ್ನೆ ಎಣಿಸಿಕೊಳ್ಳಿ. ಎಎಂಡಿ ಪ್ರೊಸೆಸರ್‌ನ ಯಂತ್ರಗಳಿಗೆ ರೈಜೆನ್‌ಅಡ್ಜ್ ಎಂಬ ತಂತ್ರಾಂಶ ಇದೆ. ಕೆಲವು ಲ್ಯಾಪ್‌ಟಾಪ್‌ಗಳು ನಾವು ಬರೆದದ್ದನ್ನು ಅಳಿಸಿ ತಮ್ಮದೇ ಸಂಖ್ಯೆ ಬರೆದುಕೊಳ್ಳುತ್ತವೆ. ಯಂತ್ರ ನಿದ್ರೆಯಿಂದ (ಸ್ಲೀಪ್) ಎದ್ದಾಗಲೊಮ್ಮೆ ಪರೀಕ್ಷಿಸುವುದು ಲೇಸು.

ಮಿತಿ ಬಿಟ್ಟು ವೋಲ್ಟೇಜನ್ನಷ್ಟೇ ಇಳಿಸುವ ವಿದ್ಯೆ ಇನ್ನೂ ಚೆನ್ನಾಗಿತ್ತು. ಆದರೆ ಅದೇ ಸೌಲಭ್ಯ ಬಳಸಿ ಗುಟ್ಟಿನ ಮಾಹಿತಿ ಕಾಪಾಡಲು ಚಿಪ್‌ನೊಳಗೆ ಇರುವ ಸುರಕ್ಷಿತ ವಿಭಾಗದ ಲೆಕ್ಕ ತಪ್ಪಿಸಬಹುದೆಂದು ಪ್ಲಂಡರ್‌ವೋಲ್ಟ್ ಎಂಬ ದಾಳಿಯ ಮೂಲಕ 2019ರ ಡಿಸೆಂಬರ್‌ನಲ್ಲಿ ಸಂಶೋಧಕರು ತೋರಿಸಿದ ಮೇಲೆ ತಯಾರಕರು ಬಹಳಷ್ಟು ಯಂತ್ರಗಳಲ್ಲಿ ಅದಕ್ಕೆ ಬೀಗ ಹಾಕಿದರು. ಮಿತಿ ಏರಿಸಿ ಎನ್ನುವ ವಿಡಿಯೊಗಳ ಬಗ್ಗೆ ನನಗೆ ಗೌರವವಿಲ್ಲ. ಇಳಿಸಿದರೆ ಹೋಗುವುದು ವೇಗ ಮಾತ್ರ. ಏರಿಸಿದರೆ ಪ್ರೊಸೆಸರ್‌ಗೆ ವಿದ್ಯುತ್ ಒದಗಿಸುವ ಬಿಡಿಭಾಗಗಳೂ ಬೇಯುತ್ತವೆ.

ಇಷ್ಟಕ್ಕೆ ಮೊದಲು ಗಾಳಿಕಿಂಡಿ ನೋಡಿ. ಆಲೆಮನೆಯ ಮಸಿ, ರಸ್ತೆಯ ದೂಳು ಫ್ಯಾನಿಗೂ ತಾಮ್ರದ ಎಸಳಿಗೂ ನಡುವೆ ಕಂಬಳಿಯಂತೆ ಹೆಪ್ಪುಗಟ್ಟಿದ್ದರೆ ಯಾವ ಸಂಖ್ಯೆ ಬರೆದೂ ಲಾಭವಿಲ್ಲ. ಇನ್ನು ಉಷ್ಣಾಂಶ 50ರಲ್ಲೇ ಇದ್ದು ಆವರ್ತನ 0.4 ಅಥವಾ 0.8 ಗಿಗಾಹರ್ಟ್ಸ್‌ಗೆ ಅಂಟಿಕೊಂಡಿದ್ದರೆ ಅದು ಶಾಖದ ಪಾಡಲ್ಲ. ಚಾರ್ಜರ್ ತನ್ನದೆಂದು ಗುರುತಿಸಲಾಗದಿದ್ದರೆ ಅಥವಾ ಯಾವುದೋ ಸೆನ್ಸರ್ ಕೆಟ್ಟಿದ್ದರೆ, ಮದರ್‌ಬೋರ್ಡ್ ‘ಬಿಡಿ ಪ್ರೊಕ್‌ಹಾಟ್’ (BD PROCHOT) ಎಂಬ ಸಂಕೇತ ಕಳುಹಿಸಿ ಪ್ರೊಸೆಸರ್‌ನ ಕಾಲು ಕಟ್ಟಿಹಾಕುತ್ತದೆ. ಆ ಸಂಕೇತವನ್ನು ಕಡೆಗಣಿಸುವ ಆಯ್ಕೆ ಥ್ರಾಟಲ್‌ಸ್ಟಾಪ್‌ನಲ್ಲಿದೆ. ಅದಕ್ಕೆ ಕೈಹಾಕುವ ಮುನ್ನ ಯಾರದಾದರೂ ಅದೇ ಮಾದರಿಯ ಅಸಲಿ ಚಾರ್ಜರ್ ಎರವಲು ಪಡೆದು ಚುಚ್ಚಿ ನೋಡಿ.