ಇಯರ್ ಒಂದು ಎಂದರೆ ಒಂದನೇ ತರಗತಿಯಲ್ಲ

2025ರ ಜೂನ್ ಕೊನೆಯಲ್ಲಿ ಹಾಸನದ ಕಡೆಯ ದಂಪತಿ ಮಗನ ಬ್ರಿಟಿಷ್ ಶಾಲೆಯ ಪ್ರಗತಿ ಪತ್ರ ಹಿಡಿದು ದುಬೈನ ನನ್ನ ಕಚೇರಿಗೆ ಬಂದರು. ಅದರಲ್ಲಿದ್ದ ‘ಇಯರ್ 1’ ಎಂಬುದರ ಕೆಳಗೆ ತಂದೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು. ಬೆಂಗಳೂರಿಗೆ ಮರಳುವ ತಯಾರಿ ನಡೆದಿತ್ತು. ಅಲ್ಲಿನ ಶಾಲೆಯವರು ಎರಡನೇ ತರಗತಿ ಆಗುವುದಿಲ್ಲ, ಒಂದಕ್ಕೇ ಸೇರಿಸಿ ಎಂದಿದ್ದರಂತೆ. ‘ಒಂದು ವರ್ಷ ನೀರಿನಲ್ಲಿ ಹೋಯಿತಲ್ಲ’ ಎಂದು ತಾಯಿ ಕಣ್ಣೊರೆಸಿಕೊಂಡರು. ಹುಡುಗ ಮೇಜಿನ ಮೂಲೆಯಲ್ಲಿ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು, ನಾಲಿಗೆ ಕಚ್ಚಿಕೊಂಡು ಒಂಟೆಗೆ ಐದನೆಯ ಕಾಲು ಬರೆಯುತ್ತಿದ್ದ. ಹುಟ್ಟಿದ್ದು 2019ರ ಆಗಸ್ಟ್. ಆರು ತುಂಬಲು ಇನ್ನೂ ಎರಡು ತಿಂಗಳಿತ್ತು.

ಮಕ್ಕಳ ಶಾಲಾ ಪ್ರವೇಶದ ಸಲಹೆಯೇ ನನ್ನ ವೃತ್ತಿ. ದುಬೈನ ಖಾಸಗಿ ಶಾಲೆಗಳ ಮೇಲ್ವಿಚಾರಣೆ ನಡೆಸುವ ಸರ್ಕಾರಿ ಸಂಸ್ಥೆ ಕೆಎಚ್‌ಡಿಎಯ ತಪಾಸಣಾ ವರದಿ, ಶುಲ್ಕ, ಬಸ್ ದಾರಿ, ಇವನ್ನೆಲ್ಲ ತಂದೆತಾಯಿ ನನಗಿಂತ ಚೆನ್ನಾಗಿ ಅರೆದು ಕುಡಿದಿರುತ್ತಾರೆ. ಎಡವುವುದು ಮಾತ್ರ ಈ ಒಂದು ಅಂಕಿಯಲ್ಲಿ. ‘ಬ್ರಿಟಿಷ್ ಶಾಲೆಯಲ್ಲಿ ಐದು ವರ್ಷಕ್ಕೇ ಒಂದನೇ ಕ್ಲಾಸು, ಒಂದು ವರ್ಷ ಉಳಿಯುತ್ತದೆ’ ಎಂದು ಯಾರೋ ಹೇಳಿರುತ್ತಾರೆ. ಅಷ್ಟನ್ನು ನಂಬಿ ಭಾರತೀಯ ಶಾಲೆಯ ಎಷ್ಟೋ ಪಟ್ಟು ಶುಲ್ಕ ಕಟ್ಟುತ್ತಾರೆ. ಶಾಲೆ ಚೆನ್ನಾಗಿದೆ ಎಂದು ಕಟ್ಟಿದರೆ ನನ್ನ ತಕರಾರಿಲ್ಲ. ಉಳಿಯದ ವರ್ಷಕ್ಕಾಗಿ ಕಟ್ಟಿದರೆ ಹೊಟ್ಟೆ ಉರಿಯುತ್ತದೆ.

ಲಿಫ್ಟ್ ನೆನಪಿಸಿಕೊಳ್ಳಿ. ಒಂದು ಕಟ್ಟಡದಲ್ಲಿ ನೆಲಮಹಡಿಗೆ ‘ಜಿ’ ಎಂದಿರುತ್ತದೆ, ಇನ್ನೊಂದರಲ್ಲಿ ಅದಕ್ಕೇ ‘1’ ಎಂದಿರುತ್ತದೆ. ಕಟ್ಟಡದ ಎತ್ತರ ಒಂದೇ. ಬ್ರಿಟಿಷ್ ಪದ್ಧತಿಯಲ್ಲಿ ಐದು ತುಂಬಿದ ಮಗು ಇಯರ್ ಒಂದಕ್ಕೆ ಹೋಗುತ್ತದೆ. ಅದೇ ವಯಸ್ಸಿನ ಮಗು ನಮ್ಮ ಪದ್ಧತಿಯಲ್ಲಿ ಕೆಜಿ 2, ಊರಿನ ಮಾತಿನಲ್ಲಿ ಯುಕೆಜಿ. ಆರು ತುಂಬಿದರೆ ಅಲ್ಲಿ ಇಯರ್ ಎರಡು, ಇಲ್ಲಿ ಒಂದನೇ ತರಗತಿ. ಹೀಗೇ ಹತ್ತಿ ಹೋದರೆ ಅವರ ಹದಿಮೂರನೇ ಇಯರ್ ನಮ್ಮ ಹನ್ನೆರಡನೇ ತರಗತಿಯ ಎದುರಿಗೆ ನಿಲ್ಲುತ್ತದೆ. ಎರಡೂ ಕಡೆಯ ಮಕ್ಕಳು ಕಾಲೇಜಿಗೆ ಹೊರಡುವುದು ಹೆಚ್ಚುಕಡಿಮೆ ಒಂದೇ ವಯಸ್ಸಿಗೆ. ಉಳಿದ ವರ್ಷ ಎಲ್ಲಿದೆ ತೋರಿಸಿ.

ಇದೇ ಗೊಂದಲ ತಿರುಗುಮುರುಗಾಗಿಯೂ ಬರುತ್ತದೆ. ಭಾರತೀಯ ಶಾಲೆಯಲ್ಲಿ ಮಾರ್ಚ್‌ಗೆ ಕೆಜಿ 2 ಮುಗಿಸಿದ ಹುಡುಗಿಯನ್ನು ಬ್ರಿಟಿಷ್ ಶಾಲೆಯವರು ಆಗಸ್ಟ್ ಕೊನೆಗೆ ಇಯರ್ ಎರಡಕ್ಕೆ ಕರೆದರು. ‘ಒಂದನ್ನು ಓದದೆ ಎರಡಕ್ಕೆ ಹೇಗೆ ಹೋಗುತ್ತಾಳೆ?’ ಎಂದು ಅವಳ ಅಜ್ಜಿ ಮೈಸೂರಿನಿಂದ ನನಗೇ ಫೋನ್ ಮಾಡಿದ್ದರು. ಅರ್ಧ ಗಂಟೆ ಮಾತಾಡಿದೆವು. ಅವರು ಕಾಗದ ತರಿಸಿಕೊಂಡು, ಮೇಲೆ ಇಯರ್‌ಗಳು, ಕೆಳಗೆ ಅದೇ ವಯಸ್ಸಿನ ನಮ್ಮ ತರಗತಿಗಳು ಎಂದು ಎರಡು ಸಾಲು ಬರೆದ ಮೇಲೆ, ಮಗನಿಗಿಂತ ಬೇಗ ಅವರಿಗೇ ಅರ್ಥವಾಯಿತು.

ಕರ್ನಾಟಕಕ್ಕೆ ಮರಳುವವರು ಇನ್ನೊಂದನ್ನು ಗಮನಿಸಬೇಕು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬುದು ಅಲ್ಲಿನ ನಿಯಮ. ಆದರೆ 2025-26ರಲ್ಲಿ, ಯುಕೆಜಿ ಮುಗಿಸಿದವರಿಗೆ ಐದು ವರ್ಷ ಐದು ತಿಂಗಳಾಗಿದ್ದರೂ ಸಾಕು ಎಂದು ಸಡಿಲಿಸಿದರು. ಒಂಟೆಯ ಹುಡುಗ ಒಂದನೇ ತರಗತಿಗೆ ಸೇರಲು ಸಾಧ್ಯವಾದದ್ದೇ ಆ ಸಡಿಲಿಕೆಯಿಂದ. ಇಂಥ ದಿನಾಂಕಗಳು ಬದಲಾಗುತ್ತವೆ, ದುಬೈನಲ್ಲೂ ಬದಲಾಗಿವೆ. ಆದ್ದರಿಂದ ನನ್ನ ಮಾತನ್ನೂ ಕೊನೆಯ ಮಾತೆಂದುಕೊಳ್ಳದೆ, ಸೇರಿಸುವ ವರ್ಷದ ಸುತ್ತೋಲೆಯನ್ನೇ ಓದಿ. ವರ್ಗಾವಣೆ ಪತ್ರದ ಜೊತೆಗೆ ‘ಇದು ಭಾರತದ ಇಂಥ ತರಗತಿಗೆ ಸಮ’ ಎಂಬ ಪತ್ರವನ್ನೂ ಶಾಲೆಯಿಂದ ಕೇಳಿ ಪಡೆಯಿರಿ.

ಆ ದಂಪತಿಗೂ ಇದೇ ಎರಡು ಸಾಲು ಬರೆದು ಕೊಟ್ಟೆ. ತಂದೆ ತುಂಬಾ ಹೊತ್ತು ನೋಡಿದರು. ಹುಡುಗ ಜುಲೈ ನಡುವಿನಲ್ಲಿ, ತರಗತಿ ಶುರುವಾಗಿ ವಾರಗಳು ಕಳೆದ ಮೇಲೆ ಬೆಂಗಳೂರಿನ ಶಾಲೆಗೆ ಹೋದ. ದಸರೆ ರಜೆಯಲ್ಲಿ ತಾಯಿ ಒಂದು ಫೋಟೋ ಕಳಿಸಿದ್ದರು. ಎರಡು ಗೆರೆಯ ಪುಸ್ತಕದ ತುಂಬ ‘ಅ’, ಸಾಲಿನ ಕೊನೆಯಲ್ಲಿ ಒಂದು ಒಂಟೆ. ಎಣಿಸಿದೆ, ಈ ಸಲ ನಾಲ್ಕೇ ಕಾಲು.